ಸೇಠಜಿಯ ಗಾಜಿನ ಮನಿ

...ಹಾಂ ಹಾಂ, ತಡಿ ಅಕ್ಕಾ, ಅಲ್ಲೇ ತಡಿ! ಮೊದಲ ಆ ಕ್ಯಾನು ಕೆಳಗ ಇಡು. ಇಡು ಅಂತೀನಿ! ಖಾನಾಪುರದಿಂದ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಬಂದಿ, ಈ ರವಿವಾರಪೇಟಿ ಓಣ್ಯಾಗ ಗಾಡಿ-ಹಮಾಲರ ನಡುವ ಹಾದು ಬಂದಿ, ಮ್ಯಾಲ ನಮ್ಮ ಮನಿ ಮೆಟ್ಟಲಾ ಬ್ಯಾರೆ ಹತ್ತೀದಿ. ಇನ್ನೊಂದು ಗಳಿಗಿ ತಡದ್ರ ನಿನ್ನ ಗಂಟೇನು ಹೋಗ್ತೈತಿ? ಕ್ಯಾನಿನ್ಯಾಗಿನ ಮೀನಾ ಎಲ್ಲಿಗೂ ಹೋಗಂಗಿಲ್ಲ. ಕುಂದರು. ಪ್ರಮಿಳಾ! ಏ ಪ್ರಮಿಳಾ, ಅಕ್ಕ ಬಂದಾಳ ನೋಡು!... ಹೊರಗ ಬರಂಗಿಲ್ಲ ಬಿಡು ನನ್ನ ಹೇಣ್ತಿ. ಅಲ್ಲಲ್ಲ, ನಿನ್ನ ಮ್ಯಾಲ ಸಿಟ್ಟಲ್ಲ. ಆಕಿಗೆ ಈ ಖೋಲ್ಯಾಗ ಕಾಲಿಡಾಕ ಮನಸಿಲ್ಲ. ಮೀನಂದ್ರ ಆಗಂಗಿಲ್ಲ, ಅಷ್ಟ.

ಒಂದ್ ಗುಟುಕು ನೀರರ... ಓಹೋ, ಮರತೆ ಮರತೆ! ನಿನ್ನಿ ಮುಂಜಾನಿಂದ ಉಪಾಸ ಅಲ್ಲ ನೀ. ಚಾತುರ್ಮಾಸದ ನೇಮ ಇವತ್ತಿಗೆ ಮುಗೀತು. ಬೆಸ್ತರ ಕಡಿಂದ ಕೊಂಡು ಬಿಡಿಸಿದ ಕಡೀ ಮೀನಾ ನಿನ್ನ ಕೈಲೆ ನೀರಿಗೆ ಬಿಟ್ಟು, ಆಮ್ಯಾಲ ಪಾರಣಿ. ಅದೂ ಹೊತ್ತು ಮುಳಗೂದರೊಳಗ. ಮುಳುಗಿತಂದ್ರ ಮತ್ತ ನಾಳೆ ಮುಂಜಾನಿತನಕ ಹನಿ ನೀರಿಲ್ಲ. ಎಲ್ಲಾ ಗೊತ್ತೈತಿ ನನಗ. ಹೊತ್ತು ಇನ್ನೂ ಮ್ಯಾಲೈತಿ, ಕಿಡಕ್ಯಾಗ ನೋಡು, ಎದರಿನ ಮಾಳಗಿ ಮ್ಯಾಲ ಇನ್ನೂ ಬಿಸಲೈತಿ. ಅವಸರ ಮಾಡಬ್ಯಾಡ.

ಹೌದು, ಈ ಗಾಜಿನ ಟಾಕ್ಯಾಗಿನ ದೊಡ್ಡ ಮೀನನ ಸೇಠಜಿ. ನೀ ಇವನ್ನ ನೋಡೇ ಇಲ್ಲ ಅಲ್ಲ? ಮೀನಾ ಕಳಸೀದಿ ಖರೇ, ಅವು ಇರೂ ಮನಿ ನೋಡಾಕ ಒಂದ್ ದಿನಾ ಬರಲಿಲ್ಲ. ಮಗ ಅನೇಕಾಂತನ ಕೈಯಾಗ ಕ್ಯಾನು ಕೊಟ್ಟು ಬಸ್ಸಿಗೆ ಹತ್ತಿಸಿಬಿಡಾಕಿ... ಅರೋವಾನಾ ಅಂತ ಇದರ ಹೆಸರು. ಅ-ರೋ-ವಾ-ನಾ. ಯಾಕ ನಗ್ತಿ? ಬಾಯಾಗ ಹೊಳ್ಳಂಗಿಲ್ಲ ಅಂತನ ಸೇಠಜಿ ಅಂತ ಇಟ್ಟೀವಿ. ನೋಡು, ಮೈಮ್ಯಾಲ ಬೆಳ್ಳಿ ರೂಪಾಯಿ ಜೋಡಿಸಿ ಇಟ್ಟಂಗ ಹುರುಪಿ. ಗದ್ದಕ್ಕ ಎರಡು ಮೀಸಿ. ನಡಗಿ ನೋಡು ನಡಗಿ! ಎಲ್ಲಾ ವ್ಯಾಪಾರ ಮುಗಿಸಿ ಸಂಜಿಮುಂದ ಹಿಂದ ಕೈ ಕಟ್ಟಿ ತಿರುಗಾಡ್ತಾರಲ್ಲ ದೊಡ್ಡ ಮಂದಿ, ಹಂಗ ಐತಿಲ್ಲೋ?

ರೊಕ್ಕ ಕೇಳಬ್ಯಾಡ. ಅದೊಂದ ಕೇಳಬ್ಯಾಡ. ಹ್ವಾದ ಬ್ಯಾಸಗಿಗೆ ಬೆಲ್ಲದ ವ್ಯಾಪಾರ ಹೆಂಗ ಕುಂತಿತ್ತು ನಿನಗ ಗೊತ್ತೈತಿ. ಆವಾಗ ಒಬ್ಬ ವಾಸ್ತುದಾವ ಬಂದ. ಮನಿ ತುಂಬ ತಿರುಗಿ, ಮೂಗಿನ ಮ್ಯಾಲ ಬಟ್ಟಿಟ್ಟು, ‘ಬಾಪುಸಾಹೇಬ್ರ, ನಿಮ್ಮ ಈಶಾನ್ಯ ಮೂಲಿ ಖಾಲಿ ಐತ್ರಿ, ಅಲ್ಲೊಂದು ಅರೋವಾನಾ ಇಡ್ರಿ, ಮನಿಗೆ ಬರೂ ಪೀಡಾ ಎಲ್ಲಾ ಅದ ನುಂಗ್ತೈತಿ’ ಅಂದ. ಕ್ಯಾಂಪಿನ್ಯಾಗ ನಾಗಲಿಂಗಂದು ಮೀನಿನ ಅಂಗಡಿ ಐತಲ್ಲ, ಬಣ್ಣದ ಮೀನಾ ಮಾರ್ತಾನಲ್ಲ, ಅವಗ ಹೇಳಿದೆ. ಮುಂಬೈಯಿಂದ ತರಿಸಿದ. ಥರ್ಮಾಕೋಲ್ ಪೆಟ್ಟಿಗ್ಯಾಗ ಪ್ಲಾಸ್ಟಿಕ್ ಚೀಲ, ಚೀಲದಾಗ ನೀರು, ನೀರಿಗೆ ಆಕ್ಸಿಜನ್! ನಮ್ಮಪ್ಪಗ ದವಾಖಾನ್ಯಾಗ ಹಚ್ಚಿದ್ರಲ್ಲ, ಅದ. ಮದುಮಗ ಬಂದಂಗ ಬಂತು ನೋಡು ಮನಿಗೆ. ಆವಾಗ ಗೇಣುದ್ದ ಇತ್ತು. ಈಗ ನೋಡು, ಮೊಳದ ಮ್ಯಾಲ ಆಗೈತಿ!

ಏನ್ ತಿನ್ಸ್ತಿ ಅಂದ್ರ?... ಏನ್ ತಿನಸ್ತಾರ! ನಾವು ತಿಂದದ್ದ. ನೆನಸಿದ ಕಡ್ಲಿ. ಚಪಾತಿ ಕಣಕದ್ದು ಸಣ್ಣ ಸಣ್ಣ ಗುಳಿಗಿ. ನಗಬ್ಯಾಡ, ಖರೇ ಹೇಳ್ತೀನಿ! ನಮ್ಮ ಮನಿ ನೀರಿನ ಗುಣ ಅದು. ಉಳ್ಳಾಗಡ್ಡಿ-ಬೆಳ್ಳುಳ್ಳಿ ನಮ್ಮನ್ಯಾಗ ಮೊದಲ ಇಲ್ಲ. ಹೊತ್ತು ಮುಳಗಿದ ಮ್ಯಾಲ ಬಾಯಿ ತೆರ್ಯಂಗಿಲ್ಲ ನಮ್ಮ ಸೇಠಜಿ. ನಾಗಲಿಂಗ ಏನೇನರ ಹೇಳ್ತಿದ್ದ ಮೊದಲ, ಇದಕ್ಕ ಅದು ಬೇಕು, ಇದಕ್ಕ ಇದು ಬೇಕು, ಜೀವಂತದ್ದ ಬೇಕು ಅಂತ... ನಾ ಹೇಳಿದೆ, ಇದು ಜೈನರ ಮನಿ ಪಾ, ನಮ್ಮಲ್ಲಿ ಬಂದ ಮ್ಯಾಲ ನಮ್ಮಂಗ ಇರಬೇಕು. ಒಂದ್ ಎಂಟ್ ದಿನಾ ಮಾರಿ ತಿರುವಿತು. ಕಡ್ಲಿ ಹಾಕಿದ್ರ ಮೂಸಿ ಸೈತ ನೋಡಲಿಲ್ಲ. ಹೊಟ್ಟಿ ಬೆನ್ನಿಗೆ ಹತ್ತಿತ್ತು. ನನಗೂ ಅನ್ನ ಸೇರಲಿಲ್ಲ ಅಕ್ಕಾ, ನಿನ್ನಾಣಿ. ಆಮ್ಯಾಲ... ಆಮ್ಯಾಲ ರೂಢಿ ಆತು.

ಭಾಳ ನಾಜೂಕಿನ ಜೀವ. ನಳದ ನೀರು ನಡ್ಯಂಗಿಲ್ಲ, ಬಾವಿ ನೀರು ಬೇಕು. ಲೈಟ್ ಹೋದ್ರ ಗಾಳಿ ಪಂಪು ನಿಂದರ್ತೈತಿ, ಅದಕ್ಕ ಬ್ಯಾಟರಿ ಇಟ್ಟೀನಿ. ಪ್ರಮಿಳಾ ಕತ್ತಲ್ಯಾಗ ರೊಟ್ಟಿ ಬಡೀತಾಳ, ಸೇಠಜಿಗೆ ಗಾಳಿ ಬರ್ತಿರತೈತಿ. ಜಿಗಿಯೂದಂತೂ ಕೇಳಬ್ಯಾಡ! ಮುಚ್ಚಳದ ಮ್ಯಾಲ ತೂಕದ ಕಲ್ಲು ಇಟ್ಟೀನಿ ನೋಡು, ಅಂಗಡ್ಯಾಗಿಂದು. ಇಲ್ಲಂದ್ರ ಹೊರಗ ಬೀಳತಾನ.

ಹಾಂ?... ನಿನ್ನ ಮೀನಾ? ನಿನ್ನ ಮೀನಾ ಅದಾವಲ್ಲ! ಎಲ್ಲಿ ಅಂದ್ರ... ಅಲ್ಲೆ, ಆ ಕಲ್ಲಿನ ಹಿಂದ. ಸಣ್ಣ ಮೀನಾ ಅಲ್ಲ, ನಾಚತಾವು. ಹೊಸಾ ಮಂದಿ ಬಂದ್ರ ಹೊರಗ ಬರಂಗಿಲ್ಲ. ಬಗ್ಗಬ್ಯಾಡ ಅಕ್ಕಾ, ಉಪಾಸ ಇದ್ದಾಕಿ, ಚಕ್ಕರ್ ಬಂದೀತು... ಕಾಣಲಿಲ್ಲ? ಒಂದೂ ಕಾಣಲಿಲ್ಲ? ಹಂಗಾರ... ಹಾಂ, ನನಗ ಮರವು ನೋಡು! ಮ್ಯಾಲೆ ಮಾಳಗಿ ಮ್ಯಾಲ ಸಿಮೆಂಟಿನ ಟಾಕಿ ಐತಲ್ಲ, ಅದಕ್ಕ ಹಾಕಿಸೀನಿ. ಇಲ್ಲಿ ಇಕ್ಕಟ್ಟು ಆತು ಅಂತ. ಅಲ್ಲಿ ಬಿಸಲು, ಗಾಳಿ, ಎಲ್ಲಾ ಐತಿ. ಎಲ್ಲಿ ಎದ್ದಿ? ಕುಂದರು! ಮಾಳಗಿ ಕೀಲಿ ಹಮಾಲ ಮುತ್ತಪ್ಪನ ಕಡೆ ಐತಿ, ಅವ ಬೆಲ್ಲ ಇಳಸಾಕ ಹೋಗ್ಯಾನ. ಯಾವಾಗ ಬರ್ತಾನ ಅಂತ ಹೇಳಾಕ ಬರಂಗಿಲ್ಲ... ಬಾಗಲಾ ತೆರದೈತಿ? ಬಟ್ಟಿ ಒಣಹಾಕ್ಯಾರ? ನೀ ಕೆಳಗಿಂದ ನೋಡಿದಿ?... ನಿನ್ನ ಕಣ್ಣು ಅಂದ್ರ ಕಣ್ಣು ಬಿಡವಾ.

ಇರಲಿ, ಖರೇ ಹೇಳ್ತೀನಿ ಕೇಳು. ಅವು ದೊಡ್ಡವಾದವು. ದೊಡ್ಡವಾದ ಮ್ಯಾಲ ಕೋಟಿ ಕೆರಿಗೆ ಬಿಟ್ಟು ಬಂದೆ. ನಾನ ಖುದ್ದ ಹೋಗಿ! ಬಸ್ತ್ಯಾಗ ಜಿನರಿಗೆ ಕೈಮುಗದು, ಹಂಗ ಕೆರಿಗೆ ಬಂದು, ಣಮೋಕಾರ ಮಂತ್ರ ಅಂದು ಬಿಟ್ಟೆ. ಬಾಲಾ ಬಡದು ಹ್ವಾದವು ನೋಡು, ಕಣ್ತುಂಬ ನೋಡಿದೆ. ನಿನಗ ಹೇಳಬೇಕಂದೆ, ಫೋನ್ ಹತ್ತಲಿಲ್ಲ.

ಏನು? ಏನಂದ ಅನೇಕಾಂತ?... ‘ಮಾವ ಸಣ್ಣಾವ ತರಾಕ ಹೇಳ್ಯಾನ’ ಅಂದ? ಹೌದು, ಅಂದೀನಿ. ಅನ್ನಬಾರದೇನು? ಸಣ್ಣ ಜೀವಕ್ಕ ಇನ್ನೂ ಭಾಳ ಆಯುಷ್ಯ ಇರತೈತಿ. ಅದನ್ನ ಉಳಿಸಿದ್ರ ನಿನಗ ಪುಣ್ಯ ಜಾಸ್ತಿ. ನಿನ್ನ ಸಲುವಾಗಿ ಹೇಳೀನಿ! ಮುಳ್ಳಿದ್ದವು ಬ್ಯಾಡ ಅಂದದ್ದು... ಮುಳ್ಳು ಅನೇಕಾಂತನ ಕೈಗೆ ಚುಚ್ಚೀತು ಅಂತ. ನಮ್ಮ ಹುಡುಗನ ಕೈ ಅಲ್ಲ ಅದು? ವಾರಕ್ಕ ಎರಡು ಸಲ ಕಳಸು ಅಂದದ್ದೂ ನಾನ. ಜೀವದಯಾಕ್ಕ ವಾರ, ತಿಥಿ ಅಂತ ಏನೈತಿ? ಅಷ್ಟಮಿಗೆ ಅಷ್ಟ ದಯಾ, ಉಳಿದ ದಿನಾ ನಿರ್ದಯಾ ಅಂತ ಇರತೈತೇನು?

ನೀ ಇಂಥಾವೆಲ್ಲ ಬಿಚ್ಚಿ ಬಿಚ್ಚಿ ಕೇಳಬ್ಯಾಡ. ಮೊದಲ ನೀ ಹೊಳಿಯಾಗಿಂದು ಕೊಂಡು ಹೊಳಿಗೇ ಬಿಡಾಕತ್ತಿದ್ದಿ. ಬಲಿ ಹಾಕವರು ಏನ್ ಮಾಡತಿದ್ರು? ನೀ ಮನಿ ಮುಟ್ಟೂದರೊಳಗ ಅವನ್ನ ಮತ್ತ ಹಿಡದು, ಮರುದಿನಾ ನಿನಗ ಮಾರತಿದ್ರು. ಒಂದ ಮೀನಿಗೆ ಎಷ್ಟು ಸಲ ಜೀವದಾನ ಮಾಡೀದಿಯೋ ನೀ! ಆವಾಗ ಯಾರು ಹೇಳಿದ್ರು, ‘ಅಕ್ಕಾ, ನಮ್ಮನಿಗೆ ಕಳಸು, ನಮ್ಮನ್ಯಾಗ ಗಾಜಿನ ಟಾಕಿ ಐತಿ, ಇಲ್ಲಿ ಯಾರೂ ಬಲಿ ಹಾಕಂಗಿಲ್ಲ’ ಅಂತ? ನಾ ಹೇಳಿದೆ. ಖರೇ ಹೇಳು, ಈ ಮನ್ಯಾಗ ಬಲಿ ಐತೇನು? ಗಾಳ ಐತೇನು? ಇಲ್ಲ! ನೀರಾಗಿಂದ ತಗದು ನೀರಾಗ ಬಿಡ್ತೀನಿ, ಅಷ್ಟ ನನ್ನ ಕೆಲಸ. ನನ್ನ ಕೈಲೆ ಒಂದು ಇರಿವಿ ಸತ್ತಿಲ್ಲ. ಖಾನಾಪುರದ ಬಸ್ತ್ಯಾಗ ಹೆಣಮಕ್ಕಳು ನನ್ನ ನೋಡಿ ಕೈ ಮುಗೀತಾರಂತ, ನೀನ ಹೇಳಿದಿ. ‘ಜೀವದಯಾ ಬಾಪುಸಾಹೇಬ’ ಅಂತಾರಂತ. ಕೇಳಿ ನನಗ ಎಷ್ಟು ಚಲೋ ಅನಸ್ತು ಗೊತ್ತೈತೇನು? ಅಪ್ಪ ಇದ್ದಿದ್ರ ಬೆಲ್ಲ ಹಂಚತಿದ್ದ.

ಹಂಗ ನೋಡಬ್ಯಾಡ ಮಾರಾಯ್ತಿ. ಸಣ್ಣಾಂವಿದ್ದಾಗ ಹಂಗ ನೋಡಿ ನೋಡಿ ನನ್ನ ಬಾಯಿ ಬಿಡಸ್ತಿದ್ದಿ. ಅವ್ವ ಹ್ವಾದ ಮ್ಯಾಲ ನೀನ ಅಲ್ಲ ನನ್ನ ಬೆಳಸಿದಾಕಿ? ಹಿಟ್ಟಿನ್ಯಾಗಿನ ಹುಳಾ ಒಂದೊಂದ ಆರಿಸಿ, ಕಾಗದದ ಮ್ಯಾಲ ಇಟ್ಕೊಂಡು, ಗಿಡದ ಬುಡಕ ಬಿಟ್ಟು ಬರತಿದ್ದಿ. ನಾ ರೊಟ್ಟಿ ರೊಟ್ಟಿ ಅಂತ ಅಳಕೋಂತ ನಿನ್ನ ಹಿಂದ... ಹುಳಕ್ಕ ನೆಳ್ಳು ಸಿಕ್ಕ ಮ್ಯಾಲನ ನನಗ ರೊಟ್ಟಿ!

ಹೊತ್ತು ನೋಡು. ಬಿಸಲು ಮಾಳಗಿ ಮ್ಯಾಲಿಂದ ಹೋತು. ಒಂದ ಕೆಲಸ ಮಾಡೂಣು. ನೀ ಒಳಗ ಹೋಗಿ ಪ್ರಮಿಳಾನ ಕಡೆ ಕೈಕಾಲ ತೊಳಕೊ. ಅಷ್ಟರಾಗ ನಾ ಬಿಟ್ಟಿರ್ತೀನಿ. ನಾ ಬಿಟ್ರೇನು, ನೀ ಬಿಟ್ರೇನು, ಒಂದ ರಕ್ತ ಅಲ್ಲ ನಮ್ಮದು?... ನಿನ್ನ ಕೈಲೇ ಆಗಬೇಕು? ಹಂಗಾರ ಕೋಟಿ ಕೆರಿಗೆ ಹೋಗೂಣು ನಡಿ. ಆಟೋ ಹಿಡದ್ರ ಈಗ ಮುಟ್ತೀವಿ. ಅಲ್ಲೂ ಗಾಳ ಹಾಕ್ತಾರ ಅಂತಿ... ಹೌದು, ಹಾಕ್ತಾರ, ಆದ್ರ... ಯಾಕಂದ್ರ ಏನ್ ಹೇಳ್ಲಿ, ಈ ಟಾಕಿ ನೀರು ಇವತ್ತ ಚಲೋ ಇಲ್ಲ. ಔಷಧ ಹಾಕೀನಿ. ಸೇಠಜಿ ತಿರುಗಾಡಾಕತ್ತಾನ ಖರೇ, ಅವ ಗಟ್ಟಿ ಜೀವ...

ಏ ಅಕ್ಕಾ! ಕಲ್ಲು ಯಾಕ ತಗೀತಿ? ಭಾರ ಅದಾವು, ಬಿಡು! ಕ್ಯಾನು... ಕ್ಯಾನಿನ ಮುಚ್ಚಳಾ ಬಡೀಬ್ಯಾಡ, ಸಪ್ಪಳಾ ಮಾಡಬ್ಯಾಡ!... ಹೋತು. ಬಂದ ನೋಡು. ಬಂದ್ನಲ್ಲ ಮ್ಯಾಲ. ಹೆಂಗ ಬಾಲಾ ಅಲ್ಲಾಡಸ್ತಾನ ನೋಡು... ನಿನ್ನ ಗುರ್ತು ಹಿಡದಾನ ಅಕ್ಕಾ! ಅತ್ತಿ ಬಂದ್ಲು ಅಂತ... ಏನಂದಿ? ಹೌದು, ನಿನ್ನ ಮೊದಲ ಎಲ್ಲೂ ನೋಡಿಲ್ಲ ಅವ. ಆದ್ರ ಕ್ಯಾನಿನ ಸಪ್ಪಳಾ ಕೇಳಿದ್ರ ಎಲ್ಲಿದ್ರೂ ಓಡಿ ಬರ್ತಾನ, ಯಾಕಂದ್ರ ವಾರಕ್ಕ ಎರಡು ಸಲಾ... ಅಲ್ಲ, ಹಂಗಲ್ಲ... ನಾ ಹೇಳೂದು ಕೇಳು. ನೀ ಬಾಯಾಗ ಏನ್ ಅನ್ನಾಕತ್ತಿ? ಣಮೋಕಾರ? ಅನ್ನಬ್ಯಾಡ, ಈಗ ಅನ್ನಬ್ಯಾಡ. ಕ್ಯಾನು ಎತ್ತಬ್ಯಾಡ! ಕೊಡು ಇಲ್ಲೆ. ಅಕ್ಕಾ, ಕೈ ಬಿಡು, ನೀರು ಚೆಲ್ಲಾಕತ್ತೈತಿ, ಕೈ ಬಿಡು ಅಂತೀನಿ... ಬ್ಯಾಡ! ನಿನ್ನ ಕೈಲೆ ಬ್ಯಾಡ! ಯಾರ ಕೈಲೆ ಆದ್ರೂ ಆಗಲಿ, ನಿನ್ನ ಕೈಲೆ ಬ್ಯಾಡ ಅಕ್ಕಾ!

...

ಅಂದ್ರ... ಅಂದ್ರ, ಔಷಧ ಹಾಕೀನಿ ಅಂದ್ನೆಲ್ಲ, ಅದಕ್ಕ ಅಂದೆ. ಒಮ್ಮೆ ಧ್ವನಿ ಏರ್ತು, ತಪ್ಪಾತು. ಕೈ ನೊಂದಿತೇನು? ತೋರಸು... ತೋರಸವಲ್ಲಿ.

ಅವು ಕ್ಯಾನಿನ್ಯಾಗ ಆರಾಮ ಅದಾವು. ನೋಡು, ಒಂದೂ ಸತ್ತಿಲ್ಲ. ಇವು ಅದಾವಲ್ಲ! ಇವನ್ನಂತೂ ಉಳಿಸೀವಿ ಅಲ್ಲ?... ನಿನ್ನ ಪುಣ್ಯ ಎಲ್ಲೂ ಹೋಗಿಲ್ಲ ಅಕ್ಕಾ. ನೀ ಬಲ್ಯಾಗಿಂದ ಬಿಡಸಿದ್ದು ಖರೇ, ಕಳಿಸಿದ್ದು ಖರೇ, ಅಲ್ಲೀತನಕ ಎಲ್ಲಾ ಖರೇ. ನಿನ್ನ ನೇಮ ಮುಗದೈತಿ. ಮುನಿ ಮಹಾರಾಜರೂ ಹಂಗ ಅಂತಾರ. ಪ್ರಮಿಳಾ, ನೀರು ತಾ! ಲಗೂನ ತಾ, ಹೊತ್ತು ಮುಳಗಾಕತ್ತೈತಿ!... ಬಂದ್ಲು ನೋಡು ಪ್ರಮಿಳಾ. ತಂಬಿಗಿ ಹಿಡದು ನಿಂತಾಳ. ಕುಡಿ. ಒಂದ ಗುಟುಕು... ಏ ಪ್ರಮಿಳಾ, ನೀ ಯಾಕ ಅಳ್ತಿ? ನೀ ಏನೂ ಮಾತಾಡಬ್ಯಾಡ.

ಅಕ್ಕಾ, ಮುಚ್ಚಳಾ ಯಾಕ ಹಾಕಾಕತ್ತಿ? ಎಲ್ಲಿಗೆ ಒಯ್ತಿ ಅವನ್ನ? ಈಗ ಖಾನಾಪುರದ ಬಸ್ಸಿಗೆ ನಿಂದರಾಕ ಜಾಗ ಇರಂಗಿಲ್ಲ. ಹೊಟ್ಟ್ಯಾಗ ನೀರಿಲ್ಲ, ಅನ್ನ ಇಲ್ಲ, ಅಷ್ಟು ಭಾರ ಹೊತಗೊಂಡು... ನಾ ಹಿಡಕೋತೀನಿ ಕೊಡು. ಹೊಳೀತನಕ ನಾನ ಬರ್ತೀನಿ. ಕೊಡವಲ್ಲಿ?

ಯಾಕ ಬ್ಯಾಡಂದಿ ಅಂತ ಕೇಳು ಅಕ್ಕಾ. ಎಲ್ಲಿ ಹ್ವಾದವು ಅಂತ ಕೇಳು. ಬಂದಾಗಿಂದ ಒಂದೊಂದ ಕೇಳಿದಿ, ನಾ ಎಲ್ಲಾದಕ್ಕೂ ಹೇಳಿದೆ ಅಲ್ಲ? ಈಗೂ ಹೇಳ್ತೀನಿ, ಏನರ ಒಂದ ಹೇಳ್ತೀನಿ... ಹಂಗ ಸುಮ್ಮನ ಮೆಟ್ಟಲಾ ಇಳೀಬ್ಯಾಡ ನಮ್ಮವ್ವಾ.

ಏನರ ಒಂದ ಕೇಳು.