ಇಪ್ಪತ್ತನೆಯ ಕಪ್ಪೆ

ನಮ್ಮ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಗಾಜಿನ ಕಾರ್ಖಾನೆಯ ಯಜಮಾನರೇ, ಕಾರನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿ ಮನಸ್ಸನ್ನೂ ಅಲ್ಲೇ ಬಿಟ್ಟು ಒಳಗೆ ಬಂದು ಕುಳಿತಿರುವ ಸಭಿಕರೇ, ಇವರನ್ನೆಲ್ಲ ಇಷ್ಟು ವರ್ಷ ಸಹಿಸಿಕೊಂಡಿರುವ ಮನೆಯವರೇ,

ನನಗೆ ಭಾಷಣ ಬರುವುದಿಲ್ಲ. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ಅಂಥವನನ್ನು ವೇದಿಕೆಗೆ ಕರೆದು, ಹೂಗುಚ್ಛ ಕೊಟ್ಟು, ಫಲಕವನ್ನೂ ಕೊಟ್ಟಿದ್ದೀರಿ. ಫಲಕದಲ್ಲಿ ಒಂದು ಅಕ್ಷರ ತಪ್ಪಿದೆ. ಇರಲಿ ಬಿಡಿ, ಇವತ್ತು ನಾನು ಯಾರ ತಪ್ಪನ್ನೂ ಎತ್ತಿ ಆಡುವ ಸ್ಥಿತಿಯಲ್ಲಿಲ್ಲ.

ನಮ್ಮೆಲ್ಲರ ಈ ಕಾರಿಗೆ ಕಂಪನಿಯವರು ಇಟ್ಟ ಹೆಸರು ಯಾರಿಗೆ ನೆನಪಿದೆ ಹೇಳಿ? ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿ ಕೂರುವ ಭಂಗಿ, ದೀಪ ಹಾಕಿದರೆ ಮೇಲೆದ್ದು ಬರುವ ಎರಡು ಕಣ್ಣು. ಎಲ್ಲರ ಬಾಯಲ್ಲೂ ಅದು ಕಪ್ಪೆಯೇ. ತಕ್ಕಡಿಯಲ್ಲಿ ಕಪ್ಪೆ ತೂಗುವುದು ಎಂದರೇನು ಎಂದು ನನ್ನನ್ನು ಕೇಳಿ! ಪ್ರತಿ ವರ್ಷದ ಆರಂಭದಲ್ಲಿ ನೋಂದಣಿ ಕಚೇರಿಗೆ ಪತ್ರ ಬರೆದು, ಎಷ್ಟು ಕಪ್ಪೆ ಇನ್ನೂ ಪಟ್ಟಿಯಲ್ಲಿವೆ ಎಂದು ವಿಚಾರಿಸುವವನು ನಾನು. ಮೊದಲ ವರ್ಷ ಆರುನೂರ ನಲವತ್ತು ಎಂದು ಬಂತು. ಆಮೇಲೆ ಇನ್ನೂರ ಹನ್ನೆರಡು. ಆಮೇಲೆ ಎಂಬತ್ತೆಂಟು. ನಲವತ್ತೊಂದಕ್ಕೆ ಇಳಿದ ವರ್ಷ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಹೆಂಡತಿ, ಅಗೋ ಎರಡನೇ ಸಾಲಿನಲ್ಲಿದ್ದಾಳೆ, “ಸತ್ತಿದ್ದು ಕಾರು ಕಣ್ರೀ, ನೀವಲ್ಲ” ಅಂದಳು.

ಈ ವರ್ಷ ಬಂದ ಸಂಖ್ಯೆ ಇಪ್ಪತ್ತು. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲೂ ಅದನ್ನೇ ದೊಡ್ಡದಾಗಿ ಬರೆಸಿದ್ದೀರಿ. ಯಾಕೆ ಎಂದು ನಿಮಗೆ ಗೊತ್ತು, ಮನೆಯವರಿಗೆ ಗೊತ್ತಿರಲಿಕ್ಕಿಲ್ಲ. ಬರುವ ವರ್ಷದಿಂದ ತಪಾಸಣೆ ಬಿಗಿಯಾಗುತ್ತದೆ. ಮುಂದಿನ ಗಾಜು ಮಬ್ಬಾದ ಕಾರನ್ನು ಪಟ್ಟಿಯಿಂದ ಕಿತ್ತುಹಾಕುತ್ತಾರೆ. ನಮ್ಮ ಯಾವ ಕಪ್ಪೆಯ ಗಾಜು ಮಬ್ಬಾಗಿಲ್ಲ? ಆ ಗಾಜು ತಯಾರಾಗುವುದು ನಿಂತೇ ಇಪ್ಪತ್ತೈದು ವರ್ಷವಾಯಿತು. ಹನ್ನೊಂದು ಕಾರ್ಖಾನೆಯವರು ಆಗಲ್ಲ ಎಂದು ಕೈಯಲ್ಲಾಡಿಸಿ ಕಳಿಸಿದರು. ಹನ್ನೆರಡನೆಯವರು ಈ ಯಜಮಾನರು. ನಿಂತ ಕಾಲ ಮೇಲೇ ಹೇಳಿದರು: “ಇಪ್ಪತ್ತು ಗಾಜು ತಗೊಳ್ಳೋರಿದ್ರೆ ಅಚ್ಚು ಮಾಡಿಸ್ತೀನಿ. ಹತ್ತೊಂಬತ್ತು ಅಂದ್ರೂ ಆಗಲ್ಲ, ನನಗೆ ಪೂರೈಸಲ್ಲ.” ನಾನು ಪಟ್ಟಿ ತೋರಿಸಿದೆ. ಸರಿಯಾಗಿ ಇಪ್ಪತ್ತು! ಅವರು ಕೈಕುಲುಕಿದರು. ನಾನು ಮನೆವರೆಗೆ ನಡೆದೇ ಹೋದೆ, ಬಸ್ಸು ಹತ್ತುವುದೇ ಮರೆತುಹೋಗಿತ್ತು.

ನಿನ್ನೆ ಯಜಮಾನರು ಫೋನ್ ಮಾಡಿದರು. “ಲೆಕ್ಕ ಇಟ್ಟವರು ನೀವು. ನಾಳೆ ಸಭೆ ಮುಗಿದ ಮೇಲೆ ನಿಮ್ಮ ಮನೆಗೇ ಬರ್ತೀನಿ, ನಿಮ್ಮ ಕಾರಿನಿಂದಲೇ ಅಳತೆ ತಗೋತೀನಿ. ಮೊದಲನೇ ಗಾಜು ನಿಮಗೇ” ಅಂದರು. ನೋಡಿ, ಎಂಥ ದೊಡ್ಡ ಮನಸ್ಸು!

ನನ್ನ ಕಾರಿನ ವಿಷಯ ಹೇಳುತ್ತೇನೆ. ಮದುವೆಯಾದ ವರ್ಷ ಕೊಂಡದ್ದು, ಕಡು ಹಸಿರು. ಮಗಳು ಹುಟ್ಟಿದಾಗ ತಾಯಿ ಮಗುವನ್ನು ಆಸ್ಪತ್ರೆಯಿಂದ ಅದರಲ್ಲೇ ಕರೆತಂದೆ. ಮೂರನೆಯ ಸೀಟಿಲ್ಲವಲ್ಲ, ನಮ್ಮ ಅತ್ತೆಯವರು ಗಂಟುಮೂಟೆ ಹೊತ್ತು ಬಸ್ಸಿನಲ್ಲಿ ಬಂದರು. ಆ ಸಿಟ್ಟನ್ನು ಅವರು ಕೊನೆಯವರೆಗೂ ಚೆನ್ನಾಗಿ ಕಾಪಾಡಿಕೊಂಡರು.

ಒಂದು ಭಾನುವಾರ ನಮ್ಮ ಹಲ್ಲಿನ ಡಾಕ್ಟರು ಬಂದರು. ಅವರ ಕಪ್ಪೆಯ ಎಡಗಣ್ಣು ಮೇಲೇಳುತ್ತಿರಲಿಲ್ಲ. ನನ್ನ ಕಾರಿನಲ್ಲಿ ಕಣ್ಣೆತ್ತುವ ಪುಟ್ಟ ಮೋಟಾರು ಬಿಚ್ಚಿ ಕೊಟ್ಟೆ, ಬೇರೆ ಸಿಗುವವರೆಗೆ ಎಂದುಕೊಂಡು. ಬೇರೆ ಸಿಗಲಿಲ್ಲ. ಆಮೇಲೆ ಹೆಡ್‌ಮಿಸ್ಟ್ರೆಸ್ ಬಂದರು, ಗೇರುಪೆಟ್ಟಿಗೆ ಹೋಯಿತು. ಅಧ್ಯಕ್ಷರೇ, ನಿಮ್ಮ ಬಲಬಾಗಿಲು ಯಾಕೆ ಒಳಗಡೆ ಹಸಿರಾಗಿದೆ ಎಂದು ನಿಮಗೆ ಗೊತ್ತೇ ಇದೆ. ಸಾಮಾನು ಬಿಚ್ಚುವ ಹೊತ್ತಿಗೆ ಹೆಂಡತಿ ಚಹಾ ತರುತ್ತಿದ್ದಳು, ಬಂದವರು ಮಧ್ಯಾಹ್ನದವರೆಗೂ ಕೂತು ಮಾತಾಡುತ್ತಿದ್ದರು. ಮಗಳು ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯ ಗೇಟು ತೆಗೆಯುತ್ತಿದ್ದವರು ನೀವೇ. ಇಲ್ಲ ಎಂದುಬಿಟ್ಟರೆ ಮುಂದಿನ ಭಾನುವಾರ ಯಾರು ಬರುತ್ತಾರೆ? ಇದನ್ನು ಹೇಳಬೇಕು ಎಂದುಕೊಂಡು ಬಂದಿರಲಿಲ್ಲ, ಬಾಯಿಂದ ಜಾರಿಬಿತ್ತು.

ಪ್ರತಿಯೊಬ್ಬರೂ ತಾವು ತೆಗೆದುಕೊಂಡದ್ದು ಒಂದೇ ಒಂದು ಸಾಮಾನು ಎಂದುಕೊಂಡಿದ್ದೀರಿ. ಅದೂ ನಿಜವೇ. ಆದರೆ ನೀವು ಹತ್ತೊಂಬತ್ತು ಜನ! ಏಳು ವರ್ಷದಿಂದ ನನ್ನ ಶೆಡ್ಡಿನಲ್ಲಿರುವುದು ಒಂದು ನಂಬರ್ ಪ್ಲೇಟು, ಒಂದು ಸ್ಟೀರಿಂಗು, ಅಷ್ಟೇ. ಹೆಂಡತಿ ಅದರ ಮೇಲೆ ಒರೆಸುವ ಬಟ್ಟೆ ಒಣಹಾಕುತ್ತಾಳೆ.

ಏಳು ವರ್ಷವೂ ನೋಂದಣಿ ಕಚೇರಿಯಿಂದ ನವೀಕರಣದ ಫಾರಂ ಬಂದಾಗ ‘ಓಡುತ್ತಿದೆ’ ಎನ್ನುವ ಕಡೆ ಗುರುತು ಹಾಕಿ ಕಳಿಸಿದೆ. ಯಾಕೆ? ಕಾರಿಲ್ಲದವರಿಗೆ ಈ ಸಂಘದಲ್ಲಿ ಸದಸ್ಯತ್ವ ಇಲ್ಲ, ಅದು ಮೂರನೆಯ ನಿಯಮ. ಆ ನಿಯಮದ ಕರಡು ತಿದ್ದಿದವನೂ ನಾನೇ. ಊರಿನವರ ತಪ್ಪಿಗೆಲ್ಲ ಕೆಂಪು ಶಾಯಿ ಬಳಿದವನು ನನ್ನ ತಪ್ಪನ್ನು ಮಾತ್ರ ಹಾಗೇ ಬಿಟ್ಟೆ. ನಾಚಿಕೆಯಾಗುತ್ತದೆ, ಸ್ವಾಮಿ.

ಬೆಳಿಗ್ಗೆ ಹೆಂಡತಿಗೆ ಈ ಫಾರಂ ವಿಷಯ ಎಲ್ಲ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ! “ಹತ್ತೊಂಬತ್ತು ಕಾರು ಉಳೀಲಿ ಅಂತ ಬಿಚ್ಚಿ ಕೊಟ್ಟವರು ನೀವು. ನಿಮ್ಮೊಂದು ಸುಳ್ಳಿನಿಂದ ಆ ಹತ್ತೊಂಬತ್ತನ್ನೂ ನಾಳೆ ಯಾರೂ ನಂಬದ ಹಾಗೆ ಮಾಡಬೇಡಿ. ಹೋಗಿ ಹೇಳಿ ಬನ್ನಿ. ನಾನೂ ಬರ್ತೀನಿ” ಅಂದಳು.

ಆದ್ದರಿಂದ ಸಭಿಕರೇ, ಸರಿಯಾದ ಸಂಖ್ಯೆ ಹತ್ತೊಂಬತ್ತು. ನನ್ನ ಕಾರನ್ನು ರದ್ದು ಮಾಡುವ ಫಾರಂ ಇಗೋ, ಸಹಿ ಹಾಕಿ ತಂದಿದ್ದೇನೆ.

ಯಜಮಾನರೇ, ನೀವು ಮೋಸಹೋದಿರಿ, ತಪ್ಪು ನನ್ನದು. ಇವರ ಮೇಲೆ ಸಿಟ್ಟಾಗಬೇಡಿ. ಆದರೆ ಒಂದು ಮಾತು. ನೀವು ಅವತ್ತು ಹೇಳಿದ್ದು ಇಪ್ಪತ್ತು ಗಾಜು ತಗೊಳ್ಳೋರು ಬೇಕು ಎಂದು. ಇಪ್ಪತ್ತನೆಯದನ್ನು ನಾನೇ ತೆಗೆದುಕೊಳ್ಳುತ್ತೇನೆ! ಪೂರ್ತಿ ಬೆಲೆಗೆ. ಕೂರಿಸಲು ಕಾರಿಲ್ಲದಿದ್ದರೇನು, ಅಡುಗೆಮನೆಯ ಕಿಟಕಿ ಇದೆ. ಗಾಜು ಬಾಗಿದೆ, ಕಿಟಕಿ ನೆಟ್ಟಗಿದೆ, ಅದು ನನಗೂ ಗೊತ್ತು. ಗೋಡೆ ಒಡೆಸುತ್ತೇನೆ. ನಗಬೇಡಿ, ನಾನು ನಿಜವಾಗಿಯೇ ಹೇಳುತ್ತಿದ್ದೇನೆ! ಅಳತೆಗೆ ಅಧ್ಯಕ್ಷರ ಕಾರು ಹೊರಗೇ ನಿಂತಿದೆ. ನನ್ನಿಂದಾಗಿ ಇವರ ಕಾರುಗಳು ಪಟ್ಟಿಯಿಂದ ಹೋಗಬಾರದು. ಒಂದೂ ಹೋಗಬಾರದು.

ಚೀಟಿ ಬಂದಿದೆ. ಬೇಗ ಮುಗಿಸಿ ಎಂದಿರಬೇಕು. ತಡೆಯಿರಿ, ಕನ್ನಡಕ... ಇದು ಅಧ್ಯಕ್ಷರ ಅಕ್ಷರವಲ್ಲ. ಅತಿಥಿಗಳದು. ಓದುತ್ತೇನೆ: “ನಿಮ್ಮ ಕಿಟಕಿ ಎಷ್ಟಗಲ?”

ಮೂರೂವರೆ ಅಡಿ, ಯಜಮಾನರೇ! ಮೂರೂವರೆ ಅಡಿ!

ಸದಸ್ಯನಾಗಿ ನಾನಾಡುವ ಕೊನೆಯ ಮಾತು ಇದು. ಅತಿಥಿಗಳಿಗೆ, ನಿಮಗೆ, ಎರಡನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ನನ್ನವಳಿಗೆ ವಂದನೆಗಳು. ಭಾನುವಾರ ಮನೆಗೆ ಬನ್ನಿ. ಬಿಚ್ಚಿ ಕೊಡಲು ಏನೂ ಉಳಿದಿಲ್ಲ, ಸುಮ್ಮನೆ ಬನ್ನಿ. ನಮಸ್ಕಾರ.