ಕತ್ತರಿಸಿದ ತಂತಿ

ನಂಬದಿದ್ದರೆ ಬಿಡಿ. ಆದರೆ ಇದು ನಡೆದದ್ದು ಎಲ್ಲೋ ಯಾರಿಗೋ ಅಲ್ಲ, ನಮ್ಮ ದೊಡ್ಡಮ್ಮನ ಮಗಳಿಗೆ.

ರಾತ್ರಿ ಹನ್ನೊಂದು. ಗಂಡ ಮುಂದೆ, ಅವಳು ಹಿಂದೆ. ದೋಣಿಕಟ್ಟೆಯ ಹಲಗೆಗಳು ಕಿರ್... ಕಿರ್... ಅನ್ನುತ್ತಿದ್ದವು. ಅವಳ ಬೆನ್ನ ಹಿಂದೆ ಇನ್ನೊಂದು ಕಿರ್. ತಿರುಗಿದಳು. ಯಾರೂ ಇಲ್ಲ.

“ಏನಾಯ್ತು?” ಗಂಡ ಪಿಸುಗುಟ್ಟಿದ.

“ಏನಿಲ್ಲ ರೀ. ನಡೀರಿ.”

ಗಂಡ ಹಾಯಿ ಹೊಲಿಯುವವನು. ಹೊಲಿದದ್ದನ್ನು ತನ್ನದೇ ಪುಟ್ಟ ಹಾಯಿದೋಣಿಯಲ್ಲಿ ಎದುರು ದಡಕ್ಕೆ ಮುಟ್ಟಿಸುತ್ತಿದ್ದ. ರಾತ್ರಿಯಿಡೀ ಪಯಣ, ಒಬ್ಬರು ಮಲಗಿದರೆ ಇನ್ನೊಬ್ಬರು ಕಾವಲು. ಮೊದಲು ಆ ಕಾವಲು ಅವನ ಹಿರಿ ಹೆಂಡತಿಯದು. ಅವಳು ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾದರೂ ಅವಳ ಪೆಟ್ಟಿಗೆ ದೋಣಿಯಲ್ಲೇ ಇತ್ತು. ಅಂಗೈಯಗಲದ ಕಪ್ಪು ಪೆಟ್ಟಿಗೆ. ಕಾಲು ಗಂಟೆಗೊಮ್ಮೆ ‘ಪೀಂ’ ಅನ್ನುತ್ತದೆ. ಎಚ್ಚರವಾಗಿದ್ದೀನಿ ಅಂತ ಗುಂಡಿ ಒತ್ತಬೇಕು. ಒತ್ತುವವರೆಗೂ ಅದು ಬಾಯಿ ಮುಚ್ಚುವುದಿಲ್ಲ.

“ಅವಳಿದ್ದಾಗ ಅದು ಎರಡನೇ ಸಲ ಕೂಗಿದ್ದೇ ಇಲ್ಲ” ಅಂತ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು! ಇವಳ ಹೊಟ್ಟೆ ಉರಿಯುತ್ತಿತ್ತು. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು. ಸತ್ತವಳ ಹತ್ತಿರ ಏನಂತ ಆಡುವುದು?

ಹಟ ಹಿಡಿದು ಹೊಸ ಯಂತ್ರ ತರಿಸಿದಳು. ಹತ್ತಿರ ಬರುವ ಹಡಗುಗಳನ್ನು ಪರದೆಯ ಮೇಲೆ ತೋರಿಸಿ ಕಿರುಚುವಂಥದ್ದು. ಅವತ್ತು ಮಧ್ಯಾಹ್ನವೇ ಹಳೇ ಪೆಟ್ಟಿಗೆಯ ತಂತಿ ಕಚಕ್ಕನೆ ಕತ್ತರಿಸಿ, ಅದನ್ನು ದೋಣಿಯೊಳಗೆ ಹೊಲಿದಿಟ್ಟ ಹಾಯಿಗಳ ರಾಶಿಯ ಅಡಿಯಲ್ಲಿ ತುರುಕಿದ್ದಳು. ಗಂಡನಿಗೆ ಹೇಳಿರಲಿಲ್ಲ.

ದೋಣಿ ಹೊರಟದ್ದೇ, ಬಂದರಿನೊಳಗೆ ನಿಂತ ಒಂದೊಂದು ದೋಣಿಗೂ ಹೊಸ ಯಂತ್ರ ಕಿರುಚತೊಡಗಿತು. ಬಂದರು ದಾಟಿದ ಮೇಲೆ ಹಾಕಿದರಾಯಿತು ಅಂತ ಸದ್ದು ಆರಿಸಿದಳು.

“ನಿನ್ನ ಕೈಲಾಗುತ್ತಾ? ಅವಳಾದರೆ...”

“ಮಲಗಿ ರೀ ನೀವು!”

ಅವನು ಒಳಗೆ ಹೋಗಿ ಮಲಗಿದ. ಅವಳು ಸಿಟ್ಟಿನಲ್ಲೇ ಚುಕ್ಕಾಣಿ ಹಿಡಿದು ಕೂತಳು. ಆ ಸಿಟ್ಟಿನಲ್ಲಿ ಸದ್ದು ಮತ್ತೆ ಹಾಕುವುದು ಮರೆತೇ ಹೋಯಿತು. ಎರಡು ಗಂಟೆಯ ಹೊತ್ತಿಗೆ ಕಣ್ಣು ಎಳೆಯಿತು...

ಪೀಂ.

ಅರೆನಿದ್ದೆಯಲ್ಲಿ ಕೂತಲ್ಲೇ ಹೊರಳಿದಳು.

ಪೀಂ... ಪೀಂ...

ಹಾಯಿಗಳ ಅಡಿಯಿಂದ. ದಡಬಡಿಸಿ ಎದ್ದಳು. ಎದುರಿಗೆ ಕೆಂಪು ದೀಪ, ಪಕ್ಕದಲ್ಲೇ ಹಸಿರು ದೀಪ. ಎರಡೂ ಒಟ್ಟಿಗೆ ಕಂಡವು ಅಂದರೆ ಹಡಗು ನೇರ ತಮ್ಮ ಮೇಲೆಯೇ ಬರುತ್ತಿದೆ! ಇದ್ದಬದ್ದ ಬಲವೆಲ್ಲ ಹಾಕಿ ಚುಕ್ಕಾಣಿ ತಿರುಗಿಸಿದಳು. ಹಾಯಿ ಫಟ್ಟನೆ ಆಚೆ ಬದಿಗೆ ಹೊರಳಿತು. ಗುಡುಗುಡು ಅನ್ನುತ್ತ ಕಬ್ಬಿಣದ ಗೋಡೆಯೊಂದು ಪಕ್ಕದಲ್ಲೇ ಹಾದುಹೋಯಿತು. ದೋಣಿ ಒಲೆದಾಡಿ, ನಿಂತಿತು.

ಪೆಟ್ಟಿಗೆ ಇನ್ನೂ ಕೂಗುತ್ತಿತ್ತು. ಅವಳ ಎರಡೂ ಕೈ ಚುಕ್ಕಾಣಿಯ ಮೇಲೆಯೇ ಇದ್ದವು.

ಆಗ ಒಳಗಿನಿಂದ ಗಂಡನ ದನಿ. ನಿದ್ದೆಗಣ್ಣಿನ ದನಿ, ಮೆತ್ತಗೆ... ಮುದ್ದಾಗಿ...

“ಸಾಕು ಬಿಡೇ. ಅವಳು ಎದ್ದಿದ್ದಾಳೆ.”

ಟಿಕ್.

ಕೂಗು ನಿಂತಿತು.

ಇಣುಕಿದಳು. ಗಂಡ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದ. ಹಾಯಿಗಳ ರಾಶಿ ಅವನಿಂದ ಎರಡಾಳುದ್ದ ದೂರ.

ಬೆಳಿಗ್ಗೆ ಕೇಳಿದರೆ, “ನಾನೆಲ್ಲಿ ಮಾತಾಡಿದೆ? ಒಂದೇ ನಿದ್ದೆ” ಅಂದ. ಅವನು ಸುಳ್ಳು ಹೇಳುವವನಲ್ಲ.

“ಪ್ರಾಣ ಉಳೀತಲ್ಲ ಮಾರಾಯ್ತಿ, ಇನ್ನೇನು?” ಅಂದೆ ನಾನು, ಅವಳು ಬಂದು ಇದೆಲ್ಲ ಹೇಳಿದಾಗ. ಅವಳಿಗೆ ಕಣ್ಣು ತುಂಬಿತು. ಹಡಗಿನ ಭಯಕ್ಕಲ್ಲ. “ನನ್ನ ಹತ್ತಿರ ಆ ದನೀಲಿ ಒಂದು ದಿನಾನೂ ಮಾತಾಡಿಲ್ಲ ಕಣೇ” ಅಂದಳು.

ಪೆಟ್ಟಿಗೆ ನಾನೇ ನೋಡಿದ್ದೇನೆ, ಈ ಕೈಯಲ್ಲೇ ಹಿಡಿದಿದ್ದೇನೆ. ತಂತಿ ಎರಡು ಬೆರಳುದ್ದ ಬಿಟ್ಟು ಕತ್ತರಿಸಿದ್ದು ಹಾಗೇ ಇದೆ. ಗುಂಡಿ ಮಾತ್ರ ಒಳಕ್ಕೆ ಒತ್ತಿಕೊಂಡಿದೆ. ಎಷ್ಟು ಎಳೆದರೂ ಮೇಲೆ ಬರಲಿಲ್ಲ.