ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡ ಬೀರುವಿನ ಬಗ್ಗೆ

ನಾನು ಬಡಗಿಯ ಹೆಂಡತಿ, ವಯಸ್ಸು ನಲವತ್ತೊಂದು, ಕಸುಬು ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುವುದು, ವಾಸ ಹಳೇ ಕಟ್ಟಡದ ಮೂರನೇ ಮಹಡಿ, ಓದು ನಾಲ್ಕನೇ ಕ್ಲಾಸು, ಅದೂ ಅರ್ಧಕ್ಕೆ. ಕಟ್ಟಡದ ಮಾಲೀಕರು ಪೊಲೀಸರಿಗೆ ಕೊಟ್ಟ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಮನೆಯಲ್ಲಿ ಏಳಡಿ ಎತ್ತರದ ತೇಗದ ಬೀರು ಇತ್ತು. ಮದುವೆಯಾದ ಹೊಸದರಲ್ಲಿ ಯಜಮಾನರು ರೂಮಿನೊಳಗೇ ಕೂತು ಮಾಡಿದ್ದು. ಹೊರಗೆ ಹೇಗೆ ಹೋಗುತ್ತದೆ ಅಂತ ಆಗ ಯೋಚಿಸಲಿಲ್ಲ. ಅದು ಮೈಮೇಲೆ ಬಿದ್ದಂತೆ ನನಗೆ ದಿನಾ ಕನಸು. ಕೊನೆಗೆ ಸಾಗಹಾಕಲು ಒಪ್ಪಿದರು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಯಜಮಾನರು ಕೆಳಗಿಂದ, ಮೈದುನ ಮೇಲಿಂದ ಹಿಡಿದು ಇಳಿಸಿದರು. ಬಿಚ್ಚಿ ಇಳಿಸ್ರೀ ಅಂತ ನಾನು ಬಡ್ಕೊಂಡೆ. ನಾನು ಮಾಡಿದ್ದು ಬಿಚ್ಚೋಕೆ ಬರಲ್ಲ ಕಣೇ, ಹಿಂದಿನ ಹಲಗೆಗೂ ಅಂಟು, ಮೊಳೆ ಎರಡೂ ಹೊಡೆದಿದೀನಿ ಅಂತ ಜಂಭ ಕೊಚ್ಚಿದರು. ಎರಡನೇ ಮಹಡಿ ತಿರುವಿನಲ್ಲಿ ಬೀರು ನಿಂತಂತೇ ಸಿಕ್ಕಿಕೊಂಡಿತು. ಬಾಗಿಲು ನಮ್ಮ ಕಡೆ, ಬೆನ್ನು ಯಜಮಾನರ ಕಡೆ. ಕಟ್ಟಡಕ್ಕೆ ಇರುವುದು ಅದೊಂದೇ ಮೆಟ್ಟಿಲು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ಇಸ್ತ್ರಿಯಮ್ಮ ತುಂಬು ಬಸುರಿ ಸೊಸೆಯನ್ನು ತಬ್ಬಿ ಹಿಡಿದು ಇಳಿದು ಬಂದರು. ನೋವು ಶುರುವಾಗಿತ್ತು, ಕೆಳಗೆ ಆಟೋ ನಿಂತಿತ್ತು. ಇಸ್ತ್ರಿಯಮ್ಮ ನನ್ನ ಮುಖ ನೋಡಿ, ಏನಮ್ಮಾ, ಮೊದಲು ನಿನ್ನ ಬೀರು ಹೆರಬೇಕಾ, ಆಮೇಲೆ ನನ್ನ ಸೊಸೆನಾ ಅಂತ ಕೇಳಿದರು.

ಯಜಮಾನರು ಆ ಕಡೆಯಿಂದ ಗರಗಸ ಕೊಡು ಅಂದರು. ಮನೆಗೆ ಓಡಿ ತಂದು ಮೇಲಿನ ಸಂದಿಯಲ್ಲಿ ದಾಟಿಸಿದೆ. ಆ ಬೀರುವಿಗೆ ಒಂದು ಗೀರು ಬಿದ್ದರೆ ವಾರ ಮಾತು ಬಿಡುತ್ತಿದ್ದವರು ಬೆನ್ನನ್ನು ಕೊಯ್ದರು. ಅಂಟು ಬಿಡಲಿಲ್ಲ. ತಮಗೆ ತಾವೇ ಬೈದುಕೊಂಡು ಒದ್ದು ಹಲಗೆ ಕಿತ್ತರು. ನಾನು ಬಾಗಿಲು ತೆಗೆದರೆ ಬೀರುವಿನೊಳಗೆ ಯಜಮಾನರ ಮುಖ, ಮೀಸೆ ತುಂಬ ಹೊಟ್ಟು. ಬಾ ತಾಯಿ, ಬಾ ಅಂತ ಕೈ ಚಾಚಿದರು.

ಹುಡುಗಿ ಒಳಗೆ ಕಾಲಿಟ್ಟಳು. ನಡುವೆ ಮತ್ತೆ ನೋವು ಬಂತು. ಬಟ್ಟೆ ತೂಗುಹಾಕುವ ಸರಳಿಗೆ ಜೋತು ನಿಂತುಬಿಟ್ಟಳು. ಮುರಿದರೆ ಏನು ಗತಿ ಅಂತ ನಾನು ಕಣ್ಣು ಮುಚ್ಚಿದೆ. ಸರಳು ಮಿಸುಕಲಿಲ್ಲ. ಸುಧಾರಿಸಿಕೊಂಡು, ಅಣ್ಣಾ, ಗಟ್ಟಿ ಮಾಡಿದೀಯ ಅಂತ ನಕ್ಕು ಆ ಕಡೆ ಇಳಿದಳು. ಮೈದುನ ಶಿಳ್ಳೆ ಹೊಡೆದ. ಇಸ್ತ್ರಿಯಮ್ಮನೂ ಸೆರಗು ಸಿಕ್ಕಿಸಿ ದಾಟಿದರು. ಹತ್ತೂ ನಲವತ್ತಕ್ಕೆ ಆಟೋ ಹೊರಟಿತು.

ಅಪ್ಪಣೆ ಇಲ್ಲದೆ ಮೆಟ್ಟಿಲಿಗೆ ಬಾಗಿಲು ಇಟ್ಟಿದ್ದೇವೆ ಅಂತ ಮಾಲೀಕರ ದೂರು. ಇಟ್ಟದ್ದು ನಿಜ. ದಾರಿ ಕಟ್ಟಿದ್ದೇವೆ ಅನ್ನುವುದು ಸುಳ್ಳು, ಇದನ್ನು ಬರೆದುಕೊಳ್ಳುತ್ತಿರುವ ಸಾಹೇಬರು ಮೇಲೆ ಬಂದದ್ದೂ ಅದರೊಳಗಿಂದಲೇ. ಯಜಮಾನರನ್ನು ಒಳಗೆ ಹಾಕಬೇಡಿ, ಸಂಜೆಯೊಳಗೆ ಬೀರುವನ್ನು ತುಂಡು ಮಾಡಿ ತೆಗೆಯುತ್ತಾರೆ.

ಇದನ್ನು ಬರೆಸುತ್ತಿರುವಾಗಲೇ ಇಸ್ತ್ರಿಯಮ್ಮನ ಫೋನು ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಅಳು ನನಗೂ ಕೇಳಿಸಿದರು. ದೂರಿಗೆ ಸಂಬಂಧವಿಲ್ಲದಿದ್ದರೂ ಇದನ್ನೂ ಸೇರಿಸಿಕೊಳ್ಳಿ ಅಂತ ಕೇಳಿಕೊಂಡೆ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ, ನಡೆದದ್ದು ಹೀಗೇ.

ಸ್ಥಳ: ಎರಡನೇ ಮಹಡಿ ಮೆಟ್ಟಿಲು
ದಿನ: ಭಾನುವಾರ, ಮಧ್ಯಾಹ್ನ
ಸಹಿ: ಬಡಗಿಯ ಹೆಂಡತಿ